ನೆತ್ತಿಯಲ್ಲಿ ಬೆಂಕಿ ಹೊತ್ತ ಕಾಯಿ

ನವರಾತ್ರಿ ಅರ್ಧ ಕಳೆಯಿತೆಂದರೆ ಚಿತ್ರದುರ್ಗದಲ್ಲಿ ಬಂಡೆಗಳು ಹೆಚ್ಚಾಗುತ್ತವೆ. ಊರ ಬೆನ್ನಿಗೆ ಕೋಟೆ ಬೆಟ್ಟದಲ್ಲಿ ಒಂದರ ಮೇಲೊಂದು ಕೂತಿರುವ ಬಂಡೆಗಳು ಇದ್ದಲ್ಲೇ ಇರುತ್ತವೆ. ಹೊಸವು ಬರುವುದು ಕೆಳಗಿನ ಪೇಟೆಗೆ. ಸಂತೆಹೊಂಡದ ಆಸುಪಾಸು, ಬಸ್ ನಿಲ್ದಾಣದ ಎದುರು, ಎಲ್ಲಿ ನಾಲ್ಕು ಮೊಳ ಜಾಗ ಸಿಕ್ಕರೆ ಅಲ್ಲಿ ಟ್ರ್ಯಾಕ್ಟರಿನ ಹಿಂದಿನ ಹಲಗೆ ತೆರೆದು ಬೂದುಗುಂಬಳ ಇಳಿಸುತ್ತಾರೆ. ದೂರದಿಂದ ನೋಡಿದವರಿಗೆ ಬೂದು ಬಣ್ಣದ ಆ ರಾಶಿಯೂ ಕೋಟೆಯ ಕಲ್ಲೂ ಒಂದೇ ಸಂತತಿಯಂತೆ ತೋರಬೇಕು.

ಕೊಳ್ಳುವವರ ಪರೀಕ್ಷೆ ಮೂರು ಬಗೆ. ಮೊದಲನೆಯದು ತೊಟ್ಟು. ತೊಟ್ಟು ಮುರಿದ ಕಾಯಿ ಸಾಂಬಾರಿಗೆ ಸರಿ, ಪೂಜೆಗೆ ಬೇಡ. ಎರಡನೆಯದು ಬೂದಿ. ಬೆರಳಾಡಿಸಿದರೆ ಬಿಳಿ ಹತ್ತಬೇಕು, ಕೆಳಗಿನ ಹಸಿರು ಕಾಣಬೇಕು. ಮೂರನೆಯದು ತೂಕ. ಎರಡೂ ಕೈಯಲ್ಲಿ ಎತ್ತಿ, ಒಮ್ಮೆ ಮೇಲಕ್ಕೆ ಚಿಮ್ಮಿ ಹಿಡಿದು, 'ಅಣ್ಣಾ, ಇದಕ್ಕೆ ಏನು ಕೊಡಲಿ ಹೇಳು' ಎನ್ನುವಷ್ಟರಲ್ಲಿ ಅಂಗಿಯ ತೋಳೆಲ್ಲ ಬೂದಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಇದನ್ನು ಹೊತ್ತವನ ಹೆಗಲು ಸಾಕ್ಷಿ ಹೇಳುತ್ತದೆ. ಸಿಹಿಗುಂಬಳ ಕದ್ದವನಿಗೆ ಈ ಭಯವಿಲ್ಲ, ಗಾದೆಯೂ ಅವನ ಮೇಲಲ್ಲ.

ಆ ಬೂದಿ ನಿಜದಲ್ಲಿ ಮೇಣ. ಕಾಯಿ ಬಲಿತಂತೆ ಸಿಪ್ಪೆಯೇ ಹೊರಗೆ ಒಸರಿಸುವ ತೆಳ್ಳನೆಯ ಮೇಣದ ಪುಡಿ. ಒಳಗಿನ ತಿರುಳಿನ ನೂರರಲ್ಲಿ 96 ಪಾಲು ನೀರು. ಅಷ್ಟು ನೀರು ತುಂಬಿಕೊಂಡೂ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಕೂರುವುದು ಈ ಮೇಣದ ಅಂಗಿಯಿಂದ, ಮತ್ತು ತೊಟ್ಟಿನ ಬಾಯಿ ಮುಚ್ಚಿಕೊಂಡಿರುವುದರಿಂದ. ತೊಟ್ಟು ಇರಲೇಬೇಕೆಂಬ ಹಟದಲ್ಲಿ ಶಾಸ್ತ್ರದ ಜೊತೆಗೆ ಒಂದಿಷ್ಟು ಅಡುಗೆಮನೆಯ ಬುದ್ಧಿಯೂ ಇದೆ.

ಆಯುಧಪೂಜೆಯ ದಿನ ಈ ಕಾಯಿಗೆ ಆಗುವ ಸಂಸ್ಕಾರವನ್ನು ನೋಡಬೇಕಾದರೆ ಚಿತ್ರದುರ್ಗದ ಹೆದ್ದಾರಿ ಬದಿಯ ಗ್ಯಾರೇಜುಗಳ ಸಾಲಿಗೆ ಹೋಗಬೇಕು. ಬೆಂಗಳೂರು, ಪುಣೆಯ ದಾರಿ ಇಲ್ಲಿ ಹಾದುಹೋಗುತ್ತದೆ. ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕೇ ಆಗಿರುವ ಇದರ ಸಂಖ್ಯೆ ಈಗ 48. ಹೊಸಪೇಟೆ ಕಡೆಯ ದಾರಿಯೂ ಶಿವಮೊಗ್ಗದ ದಾರಿಯೂ ಇಲ್ಲಿಯೇ ಕೂಡುತ್ತವೆ. ಹೀಗಾಗಿ ಲಾರಿ, ಟಯರು, ಸ್ಪ್ರಿಂಗ್ ಪಟ್ಟಿ, ಬಾಡಿ ಕಟ್ಟುವ ಕೆಲಸ ಊರಿಗೆ ಅನ್ನ ಹಾಕುವ ಕಸುಬುಗಳು. ಅಂದು ಬೆಳಿಗ್ಗೆ ಲೇತ್ ಯಂತ್ರದ ಗ್ರೀಸು ಒರೆಸಿ, ಸ್ಪ್ಯಾನರುಗಳನ್ನು ಗೋಣಿಚೀಲದ ಮೇಲೆ ಅಳತೆ ಪ್ರಕಾರ ಜೋಡಿಸಿ, ಜ್ಯಾಕಿಗೂ ಸುತ್ತಿಗೆಗೂ ಅರಿಶಿನ ಕುಂಕುಮ ಇಟ್ಟು, ಲಾರಿಯ ಮೂತಿಗೆ ಬಾಳೆಕಂದು ಕಟ್ಟುತ್ತಾರೆ. ಹಾರಕ್ಕೆ ಸೇವಂತಿಗೆ ಈ ಸೀಮೆಯದೇ.

ಆಮೇಲೆ ಕುಂಬಳಕಾಯಿ. ತೊಟ್ಟಿನ ಪಕ್ಕದಲ್ಲಿ ಚಾಕು ಓರೆಯಾಗಿ ಇಳಿಸಿ ಮೂರು ಮೂಲೆಯ ಒಂದು ಮುಚ್ಚಳ ಕೊಯ್ಯುತ್ತಾರೆ. ನೇರ ಕೊಯ್ದರೆ ಮುಚ್ಚಳ ಒಳಗೆ ಬಿದ್ದುಹೋಗುತ್ತದೆ. ಓರೆ ಕೊಯ್ದರೆ ಮತ್ತೆ ಕೂರಿಸಿದಾಗ ನಿಲ್ಲುತ್ತದೆ. ಯಾರೂ ಕಲಿಸದೆ ಗ್ಯಾರೇಜಿನ ಹುಡುಗರಿಗೆ ಬರುವ ಕುಸುರಿ ಇದು. ಒಳಗಿನ ದಿಂಡನ್ನು ಬೆರಳಿನಿಂದ ಕೆದಕಿ ತೆಗೆದು, ಕುಂಕುಮ ಸುರಿದು, ಕೆಲವರು ಅರಿಶಿನಕ್ಕೆ ಸುಣ್ಣ ಕಲಸಿ ಹುಯ್ದು, ಚಿಲ್ಲರೆ ಕಾಸು ಹಾಕುತ್ತಾರೆ. ಹಳದಿ ಅರಿಶಿನಕ್ಕೆ ಬಿಳಿ ಸುಣ್ಣ ಸೋಕಿದ ಕೂಡಲೇ ರಕ್ತಗೆಂಪು. ಕ್ಷಾರ ತಾಗಿದರೆ ಅರಿಶಿನದ ಬಣ್ಣ ತಿರುಗುತ್ತದೆ ಎಂಬುದು ರಸಾಯನಶಾಸ್ತ್ರ. ಆರತಿ ತಟ್ಟೆಯ ಓಕುಳಿ ನೀರು ಕಲಸುವ ಅಜ್ಜಿಯರಿಗೆ ಅದು ಶಾಲೆಗೆ ಹೋಗದೆ ಗೊತ್ತು. ಮುಚ್ಚಳ ಕೂರಿಸಿ, ಅದರ ಮೇಲೆ ಕರ್ಪೂರದ ಬಿಲ್ಲೆ ಇಟ್ಟು ಹಚ್ಚಿದಾಗ ಕಾಯಿಗೆ ನೆತ್ತಿಯಲ್ಲಿ ಬೆಂಕಿ. ಹೊಟ್ಟೆಯಲ್ಲಿ ಕೆಂಪು, ತಲೆಯಲ್ಲಿ ಉರಿ ಹೊತ್ತ ಆ ಕಾಯಿಯನ್ನು ಅಂಗೈ ಮೇಲೆ ಹಿಡಿದು ಲಾರಿಯ ಮುಂದೆ ಮೂರು ಸುತ್ತು ನಿವಾಳಿಸಿ ನೆಲಕ್ಕೆ ಅಪ್ಪಳಿಸುತ್ತಾರೆ. ಸಿಡಿದ ಕಾಸಿಗೆ ಹುಡುಗರು ನುಗ್ಗುತ್ತಾರೆ. ಚಕ್ರಗಳು ನಿಂಬೆಹಣ್ಣಿನ ಮೇಲೆ ಹತ್ತಿ ಒಂದು ಮಾರು ಮುಂದೆ ಸರಿಯುತ್ತವೆ. ಮುಗಿಯಿತು.

ಪಶ್ಚಿಮದ ದೇಶಗಳಲ್ಲಿ ಇದೇ ಶರತ್ಕಾಲದಲ್ಲಿ, ಅಕ್ಟೋಬರ್ 31ರ ರಾತ್ರಿ, ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೆ ಮೇಣದ ಬತ್ತಿ ಹಚ್ಚಿ ಬಾಗಿಲಲ್ಲಿ ಇಡುವುದನ್ನು ಕೇಳಿದವರು, ಚಿತ್ರದಲ್ಲಿ ನೋಡಿದವರು ಈಗ ಇಲ್ಲಿಯೂ ಬೇಕಾದಷ್ಟು ಮಂದಿ. ಆ ಪದ್ಧತಿಯ ಬೇರು ಐರ್ಲೆಂಡಿನದು. ಅಲ್ಲಿ ಮೊದಲು ಕೊರೆಯುತ್ತಿದ್ದುದು ಟರ್ನಿಪ್ ಗಡ್ಡೆಯನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಆಲೂಗಡ್ಡೆಯ ಬರಕ್ಕೆ ಊರು ಬಿಟ್ಟು ಅಮೆರಿಕ ಸೇರಿದ ಐರಿಷ್ ಜನಕ್ಕೆ ಅಲ್ಲಿ ಗಡ್ಡೆಗಿಂತ ದೊಡ್ಡದು, ಕೊರೆಯಲು ಮೆತ್ತಗಿನದು ಸಿಕ್ಕಿತು; ಕುಂಬಳ ಗಡ್ಡೆಯ ಜಾಗಕ್ಕೆ ಬಂತು. ಸತ್ತವರು ಮನೆಗೆ ಮರಳುವ ರಾತ್ರಿ ಎಂಬ ನಂಬಿಕೆ ಅವರದು. ನಮ್ಮಲ್ಲೂ ಹಿರಿಯರಿಗೆ ಎಡೆ ಇಡುವ ಪಕ್ಷಮಾಸ ಬರುವುದು ನವರಾತ್ರಿಯ ಹಿಂದಿನ ಹದಿನೈದು ದಿನಗಳಲ್ಲೇ. ಬೆಳೆ ಕೈಗೆ ಬರುವ, ಹಗಲು ಕುಗ್ಗತೊಡಗುವ ಈ ಹೊತ್ತಿನಲ್ಲಿ ಎರಡು ಕಡೆಯ ಜನಕ್ಕೂ ಹೋದವರ ನೆನಪು ಬಂದದ್ದು ಆಶ್ಚರ್ಯವೇನಲ್ಲ. ವ್ಯತ್ಯಾಸ ಇಷ್ಟೇ, ಅವರು ಕೊರೆದದ್ದನ್ನು ಇಟ್ಟುಕೊಳ್ಳುತ್ತಾರೆ, ನಾವು ಒಡೆದು ಬಿಡುತ್ತೇವೆ.

ಅಂದ ಹಾಗೆ ಅವರು ಕೊರೆಯುವ ಕುಂಬಳಕ್ಕೂ ನಾವು ಒಡೆಯುವ ಕುಂಬಳಕ್ಕೂ ದಾಯಾದಿ ಸಂಬಂಧವಷ್ಟೆ. ಬೂದುಗುಂಬಳ ಏಷ್ಯದ್ದೇ ಬಳ್ಳಿ, ಸಂಸ್ಕೃತದ ಕೂಷ್ಮಾಂಡ. ನವರಾತ್ರಿಯ ನಾಲ್ಕನೆಯ ದಿನದ ದೇವಿಯ ಹೆಸರಿನಲ್ಲೂ ಅದಿದೆ. ಕಿತ್ತಳೆ ಬಣ್ಣದ ಸಿಹಿಗುಂಬಳದ ತವರು ಅಮೆರಿಕ ಖಂಡ. ಮೆಕ್ಸಿಕೊದ ಕಡೆ ಸುಮಾರು 10 ಸಾವಿರ ವರ್ಷಗಳ ಹಿಂದೆಯೇ ಅದರ ಬಂಧುಗಳನ್ನು ಬೆಳೆಸುತ್ತಿದ್ದರು. ಕೊಲಂಬಸನ ಯಾತ್ರೆಗಳ ನಂತರವೇ ಅದು ಹಡಗು ಹತ್ತಿ ನಮ್ಮ ಹಿತ್ತಿಲಿಗೆ ಬಂದದ್ದು. ಕರಾವಳಿ, ಉತ್ತರ ಕನ್ನಡದ ಕಡೆ ಅದನ್ನು ಇಂದಿಗೂ ಚೀನಿಕಾಯಿ ಎನ್ನುತ್ತಾರೆ. ಚೀನದಿಂದ ಬಂದಿಲ್ಲ, ಆದರೆ ಪರದೇಶಿ ಎಂಬುದಂತೂ ಹೆಸರಿನಲ್ಲಿ ಉಳಿದಿದೆ. ಪೂಜೆಗೆ ಅದು ಸಲ್ಲದಿರುವುದಕ್ಕೆ ಹೀಗೆ ತಡವಾಗಿ ಬಂದದ್ದೇ ಕಾರಣವಿದ್ದೀತು.

ಮೊಗ ಕೆತ್ತಿ ಬಾಗಿಲಿಗೆ ಇಡುವ ರೂಢಿ ನಮ್ಮಲ್ಲಿ ಇಲ್ಲ ಎನ್ನುವಂತಿಲ್ಲ. ಚಿತ್ರದುರ್ಗದ ಯಾವ ಹೊಸ ಬಡಾವಣೆಗೆ ಹೋದರೂ ಅರ್ಧ ಕಟ್ಟಿದ ಮನೆಯ ಮುಂದೆ ತೊಲೆಗೆ ತೂಗುಹಾಕಿದ ಬೂದುಗುಂಬಳ ಕಾಣುತ್ತದೆ. ಅದಕ್ಕೆ ಕೊಬ್ಬರಿ ಹೋಳಿನಷ್ಟು ಕಣ್ಣು, ಗಿರಿಜಾ ಮೀಸೆ, ಚಾಚಿದ ಕೆಂಪು ನಾಲಗೆ. ಕೊರೆಯುವುದಿಲ್ಲ, ಸುಣ್ಣ ಕುಂಕುಮ ಕಾಡಿಗೆಯಲ್ಲಿ ಬರೆಯುತ್ತಾರೆ. ಕಣ್ಣು ಹಾಕುವವರ ಕಣ್ಣು ಮೊದಲು ಆ ಕಣ್ಣಿಗೆ ತಾಗಲಿ ಎಂಬ ಲೆಕ್ಕ. ಗಾರೆ ಕೆಲಸದವರಲ್ಲಿ ಕೈ ಚಳಕ ಇದ್ದವನು ಬರೆದರೆ ರಾಕ್ಷಸ ನಗುತ್ತಾನೆ, ಇಲ್ಲದವನು ಬರೆದರೆ ಅಳುತ್ತಾನೆ. ಎರಡರಿಂದಲೂ ದೃಷ್ಟಿ ಹೋಗುತ್ತದಂತೆ. ಈಚೆಗೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮುಖವಾಡ ಆ ಜಾಗ ಹಿಡಿಯುತ್ತಿದೆ. ಅದು ಕೊಳೆಯುವುದಿಲ್ಲ, ತಲೆಯ ಮೇಲೆ ಬೀಳುವುದಿಲ್ಲ ಎಂಬುದು ನಿಜ. ಆದರೆ ಎಲ್ಲ ಮನೆಯ ರಾಕ್ಷಸನೂ ಒಂದೇ ಅಚ್ಚಿನವನಾಗಿಬಿಟ್ಟ.

ಕೊರೆದು ದೀಪ ಹಚ್ಚುವುದೂ ಇದೆ, ಕಾಲಭೈರವನ ಗುಡಿಗಳಲ್ಲಿ. ಅಷ್ಟಮಿ, ಅಮಾವಾಸ್ಯೆಗಳಂದು ಹರಕೆ ಹೊತ್ತವರು ಬೂದುಗುಂಬಳವನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಬೀಜ ತಿರುಳು ತೆಗೆದು ಬಟ್ಟಲು ಮಾಡಿಕೊಂಡು, ಒಳಗೋಡೆಗೆ ಅರಿಶಿನ ಕುಂಕುಮ ಸವರಿ, ಎಳ್ಳೆಣ್ಣೆ ತುಂಬಿ ದಪ್ಪ ಬತ್ತಿ ಹಚ್ಚುತ್ತಾರೆ. ಕೂಷ್ಮಾಂಡ ದೀಪ ಎಂಬುದು ಅದರ ಹೆಸರು. ಕತ್ತಲಲ್ಲಿ ಉರಿಯುವಾಗ ಸಿಪ್ಪೆಯ ಹಸಿರು ಒಳಗಿನಿಂದ ಬೆಳಗುತ್ತದೆ. ಹಸಿ ತಿರುಳು ಬಿಸಿಗೆ ಬೆವರುತ್ತದೆ, ಬತ್ತಿ ಚಟಪಟ ಎನ್ನುತ್ತದೆ. ಅಷ್ಟು ಹೊತ್ತು ನಿಂತು ನೋಡಿದವರಿಗೆ ಅಮೆರಿಕದ ದೀಪ ಹೊಸತೆನಿಸಲಾರದು. ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನಗಳಲ್ಲಿ ಕಲ್ಲಂಗಡಿ, ಕುಂಬಳಗಳಲ್ಲಿ ಗಣ್ಯರ ಮುಖ ಕೆತ್ತಿ ನಿಲ್ಲಿಸುವುದೂ ಉಂಟು. ಅದು ಕಣ್ಣಿಗೆ ಹಬ್ಬ ನಿಜ, ಆದರೆ ಅಲ್ಲಿ ದೀಪವೂ ಇಲ್ಲ, ಭಯವೂ ಇಲ್ಲ.

ಚಿತ್ರದುರ್ಗದಿಂದ ತೆಂಕಣ ಆಗ್ನೇಯಕ್ಕೆ ಸುಮಾರು 40 ಕಿಲೊಮೀಟರು ಹೋದರೆ ಹಿರಿಯೂರು. ದಾರಿಯುದ್ದಕ್ಕೂ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗಿನ ಕೆಂಪು ನೆಲದಲ್ಲಿ ಮಳೆ ನಂಬಿದ ಬೇಸಾಯ. ಈ ಜಿಲ್ಲೆಗೆ ಮಳೆ ಯಾವತ್ತೂ ಕೈ ಬಿಚ್ಚಿ ಕೊಟ್ಟದ್ದಲ್ಲ. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, ಕಟ್ಟಿ ಮುಗಿದದ್ದು 1907ರಲ್ಲಿ. 30 ಟಿಎಂಸಿ ಹಿಡಿಸುವ ಈ ಜಲಾಶಯ ಮೊದಲ ಬಾರಿಗೆ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಬಾರಿಗೆ 2022ರಲ್ಲಿ. ನಡುವೆ 89 ವರ್ಷ. ಕೋಡಿ ಬಿದ್ದ ನೀರು ನೋಡಲು ಜಾತ್ರೆಯಂತೆ ಜನ ಸೇರಿದ ಆ ಸೆಪ್ಟೆಂಬರಿನಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಮೊದಲ ಸಲ ಅದನ್ನು ಕಂಡರು. ಮೇಲೆ ಹೊಸದುರ್ಗದ ಕಡೆ ಹಿನ್ನೀರಿನಂಚಿನ ತೋಟದವರಿಗೆ ಅದೇ ನೀರು ಬೇರೆ ಕಥೆ ಹೇಳಿತು.

ಇಂಥ ನೆಲಕ್ಕೆ ಕುಂಬಳ ಹೇಳಿಸಿದ ಬಳ್ಳಿ. ಗುಣಿ ತೋಡಿ ಎರಡು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ ಮೂರು ಬೀಜ ಊರಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ, ಬದುವಿನ ಮೇಲೂ ಹರಿಯುತ್ತದೆ, ಜೋಳದ ಸಾಲಿನ ನಡುವೆಯೂ. ಆದರೆ ಹಬ್ಬಕ್ಕೆಂದು ಬೆಳೆಯುವವನ ಲೆಕ್ಕ ಅಷ್ಟು ಸುಲಭದ್ದಲ್ಲ. ಬೂದುಗುಂಬಳ ಬಲಿತು ಬೂದಿ ಕಟ್ಟಲು ನೂರರಿಂದ ನೂರಿಪ್ಪತ್ತು ದಿನ ಬೇಕು. ಬೀಜ ಊರುವುದು ಮೃಗಶಿರ, ಆರಿದ್ರ ಮಳೆಗೆ, ಅಂದರೆ ಜೂನಿನಲ್ಲಿ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಪ್ರತಿ ವರ್ಷ ಅದೇ ತಾರೀಕಿನ ಆಚೀಚೆ ಬರುತ್ತವೆ. ಆಯುಧಪೂಜೆ ಚಂದ್ರನ ಲೆಕ್ಕದ್ದು. ಅಧಿಕ ಶ್ರಾವಣ ಬಂದ 2023ರಲ್ಲಿ ಅದು ಅಕ್ಟೋಬರ್ 23ಕ್ಕೆ ಹೋಯಿತು. 2024ರಲ್ಲಿ 11ಕ್ಕೆ, 2025ರಲ್ಲಿ 1ಕ್ಕೆ ಬಂತು. ಅದೇ ಹೊಲ, ಅದೇ ಬೀಜ, ಅದೇ ಮಳೆ, ಹಬ್ಬ ಮಾತ್ರ ಮೂರು ವಾರ ಹಿಂದು ಮುಂದು. ತಡವಾದರೆ ಚಿಂತೆಯಿಲ್ಲ, ಕಾಯಿ ಕಾಯುತ್ತದೆ. ಬೇಗ ಬಂದರೆ ಬೂದಿ ಕಟ್ಟದ ಎಳೆಗಾಯಿಯನ್ನು ಕೊಯ್ಯಬೇಕು, ಇಲ್ಲವೇ ಕೈ ಬಿಡಬೇಕು. ಪಂಚಾಂಗ ನೋಡದೆ ಬೀಜ ಊರಿದ ರೈತನಿಗೆ ಬೂದುಗುಂಬಳ ಬೂದಿಯನ್ನಷ್ಟೇ ಕೊಡುತ್ತದೆ.

ಪೇಟೆಯ ಕಥೆ ಇನ್ನೂ ಬಿಗಿ. ವರ್ಷವಿಡೀ ಕೇಳುವವರಿಲ್ಲದ ಕಾಯಿಗೆ ಬೇಡಿಕೆ ಇರುವುದು ಮೂರೇ ದಿನ. ಹಬ್ಬದ ಮುನ್ನಾ ದಿನ ಸಂಜೆ ಹಿರಿಯೂರಿನ ರಸ್ತೆ ಬದಿಯಲ್ಲಿ ಚೌಕಾಶಿಗೂ ಪುರುಸೊತ್ತಿಲ್ಲ. ಹಬ್ಬದ ಮಧ್ಯಾಹ್ನ ಎರಡು ಗಂಟೆಗೆ ಅದೇ ಕಾಯಿಯನ್ನು 'ಯಜಮಾನ್ರೇ, ಕೊಟ್ಟಷ್ಟು ಕೊಡ್ರಿ' ಎಂದು ಕೈಗೆ ಇಡುತ್ತಾರೆ. ಬೆಂಗಳೂರಿನ ಮಾರುಕಟ್ಟೆಗೆ ಲಾರಿ ತುಂಬಿ ಕಳಿಸಿದವನು ಒಂದು ದಿನ ತಡವಾದರೆ ಬಾಡಿಗೆಯನ್ನೂ ಕೈಯಿಂದ ತೆರಬೇಕು. ಹಬ್ಬದ ಬೆಲೆ ವಿಪರೀತ ಎಂದು ಗೊಣಗುವ ಪಟ್ಟಣದವರು ಈ ಎರಡು ಗಂಟೆಯ ಬೆಲೆಯನ್ನೂ ಒಮ್ಮೆ ನೋಡಬೇಕು. ರಾಜ್ಯ ರಸ್ತೆ ಸಾರಿಗೆ ನಿಗಮ 2024ರಲ್ಲಿ ಪ್ರತಿ ಬಸ್ಸಿನ ಆಯುಧಪೂಜೆಗೆ ಕೊಡುವ ಹಣವನ್ನು 100 ರೂಪಾಯಿಯಿಂದ 250ಕ್ಕೆ ಏರಿಸಿತು. ಹಾರ, ಬಾಳೆಕಂದು, ನಿಂಬೆಹಣ್ಣು ಎಲ್ಲ ಅದರಲ್ಲೇ ಆಗಬೇಕು. ಕುಂಬಳಕಾಯಿಗೆ ಎಷ್ಟು ಉಳಿಯುತ್ತದೆಂದು ಡ್ರೈವರ್, ಕಂಡಕ್ಟರುಗಳನ್ನು ಕೇಳಿದರೆ ನಗುತ್ತಾರೆ.

ಹಿರಿಯೂರಿನಿಂದ ಹೊಸದುರ್ಗದ ಕಡೆ ತಿರುಗಿದರೆ ತೆಂಗಿನ ತೋಟಗಳು ದಟ್ಟವಾಗುತ್ತವೆ, ನಡುನಡುವೆ ದಾಳಿಂಬೆ. ಇಲ್ಲಿ ಆಯುಧವೆಂದರೆ ಕಾಯಿ ಸುಲಿಯುವ ಸಲಿಕೆ, ಕುಡುಗೋಲು, ಕೊಳವೆಬಾವಿಯ ಪಂಪಿನ ಪೆಟ್ಟಿಗೆ. ಸಾವಿರ ಅಡಿ ಕೊರೆದರೂ ನೀರು ಬಾರದ ಬಾವಿಗಳ ಸೀಮೆಯಲ್ಲಿ ನೀರೆತ್ತುವ ಪಂಪಿಗೆ ಕುಂಬಳ ನಿವಾಳಿಸುವುದನ್ನು ಮೂಢನಂಬಿಕೆ ಎಂದು ಒಂದೇ ಏಟಿಗೆ ತಳ್ಳಿಹಾಕುವುದು ಪಟ್ಟಣದಲ್ಲಿ ಕೂತವರಿಗೆ ಸುಲಭ. ಇದೇ ತಾಲ್ಲೂಕಿನ ಸಾಣೇಹಳ್ಳಿ ನಾಟಕಕ್ಕೆ ಹೆಸರಾದದ್ದು. ಅಲ್ಲಿನ ಶಿವಸಂಚಾರದ ಕಲಾವಿದರು ಊರೂರು ತಿರುಗಿ ನಾಟಕ ಆಡುತ್ತಾರೆ. ಶರಣರ ಮಾತು ಹಿಡಿದು ಇಂಥ ಆಚರಣೆಗಳನ್ನು ಪ್ರಶ್ನಿಸುವ ದನಿಯೂ ಈ ನೆಲದಲ್ಲಿ ಹಳೆಯದು. ಎರಡೂ ಅಕ್ಕಪಕ್ಕದಲ್ಲೇ ಬಾಳುತ್ತಿವೆ.

ಈ ಕಾಯಿ ಒಡೆಯುವುದರ ಹಿಂದೆ ಇರುವುದು ಬಲಿ ಎಂಬುದನ್ನು ಬಲ್ಲವರು ಬಲ್ಲರು. ಆಯುಧಕ್ಕೆ ರಕ್ತ ತೋರಿಸಬೇಕೆಂಬ ಹಳೆಯ ನಂಬಿಕೆಗೆ ಕುರಿಯ ಬದಲು ಕುಂಬಳ ಕೊರಳೊಡ್ಡಿತು. ಮೂರು ಮೂಲೆಯ ಮುಚ್ಚಳ, ಒಳಗಿನ ಕೆಂಪು, ಒಂದೇ ಪೆಟ್ಟಿಗೆ ಎರಡಾಗಬೇಕೆಂಬ ಹಟ, ಎಲ್ಲಕ್ಕೂ ಅರ್ಥ ಅಲ್ಲಿದೆ. ರಾಜ್ಯದಲ್ಲಿ ಪ್ರಾಣಿಬಲಿ ತಡೆಯುವ ಕಾಯಿದೆ ಬಂದದ್ದು 1959ರಲ್ಲಿ. ಕುಂಬಳಕಾಯಿ ಅದಕ್ಕೆ ಎಷ್ಟೋ ಮೊದಲೇ ತನ್ನ ಕೆಲಸ ಶುರು ಮಾಡಿತ್ತು. ಎಷ್ಟೋ ಮನೆಗಳಲ್ಲಿ ಇಂದಿಗೂ ಇಡೀ ಕುಂಬಳವನ್ನು ಹೆಂಗಸರು ಹೋಳು ಮಾಡುವುದಿಲ್ಲ. ಗಂಡಸರು ಯಾರಾದರೂ ಮೊದಲ ಪೆಟ್ಟು ಹಾಕಿ ಕೊಡಬೇಕು, ಆಮೇಲೆ ಹೆಚ್ಚುವ ಕೆಲಸವೆಲ್ಲ ಅವರದ್ದೇ. ಬಲಿ ಎಂಬ ಭಾವ ಅಡುಗೆಮನೆಯ ಈಳಿಗೆಮಣೆಯವರೆಗೂ ಬಂದಿದೆ ಎನ್ನಬೇಕು. ಗಂಡಸು ಮನೆಯಲ್ಲಿಲ್ಲದ ದಿನ ಪಕ್ಕದ ಮನೆಯ ಹತ್ತು ವರ್ಷದ ಹುಡುಗನನ್ನು ಕರೆದು ಕತ್ತಿ ಮುಟ್ಟಿಸುವುದನ್ನು ಕಂಡವರಿಗೆ ನಗು ತಡೆಯುವುದು ಕಷ್ಟ.

ಸಿನಿಮಾದವರಿಗೂ ಇದು ಬಿಟ್ಟಿಲ್ಲ. ಚಿತ್ರೀಕರಣ ಮುಗಿಯಿತು ಎನ್ನಲು 'ಕುಂಬಳಕಾಯಿ ಒಡೆದರು' ಎಂದರೆ ಸಾಕು, ಓದುಗರಿಗೆ ಅರ್ಥವಾಗುತ್ತದೆ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ, 1972ರಲ್ಲಿ ತೆರೆ ಕಂಡ 'ನಾಗರಹಾವು' ಈ ದುರ್ಗದ ಬಂಡೆಗಳನ್ನು ನಾಡಿಗೆಲ್ಲ ಪರಿಚಯಿಸಿತು. ಅಂದಿನಿಂದ ಇಂದಿನವರೆಗೆ ಕೋಟೆಯಲ್ಲಿ ಕ್ಯಾಮೆರಾ ಇಟ್ಟವರಿಗೆ ಲೆಕ್ಕವಿಲ್ಲ.

ಒಡೆದ ಮೇಲೇನು? ಇಲ್ಲಿದೆ ನಿಜವಾದ ತಕರಾರು. ನಡುರಸ್ತೆಯಲ್ಲಿ ಒಡೆದ ಕಾಯಿಯ ತಿರುಳು ಎಣ್ಣೆ ಚೆಲ್ಲಿದಷ್ಟೇ ಜಾರುತ್ತದೆ. ಹಬ್ಬದ ರಾತ್ರಿ ಮೊಬೈಕು, ಸ್ಕೂಟರುಗಳು ಅದರ ಮೇಲೆ ಹಾದು ಬೀಳುತ್ತವೆ. ಹಿಂದೆ ಲಾರಿ ಬರುತ್ತಿದ್ದರೆ ಆಮೇಲಿನದನ್ನು ಹೇಳಬೇಕಿಲ್ಲ. ವಾಹನಕ್ಕೆ ಅಪಘಾತವಾಗದಿರಲಿ ಎಂದು ಒಡೆದ ಕಾಯಿ ಇನ್ನೊಬ್ಬನ ಕೈಕಾಲು ಮುರಿಯುತ್ತದೆ. ದಾರಿಯಲ್ಲಿ ಒಡೆಯಬೇಡಿ, ಒಡೆದರೆ ಬದಿಗೆ ಎತ್ತಿ ಹಾಕಿ ಎಂದು ಪೊಲೀಸರು ಹಬ್ಬ ಬಂದಾಗ ಹೇಳುತ್ತಲೇ ಇರುತ್ತಾರೆ. 2023ರಲ್ಲಿ ವಿಧಾನಸೌಧದ ಮೊಗಸಾಲೆಗಳಲ್ಲಿ ಕುಂಬಳಕಾಯಿಗೆ ರಾಸಾಯನಿಕ ಬಣ್ಣ ಬೆರೆಸಿ ಒಡೆಯಬಾರದೆಂದು ಸುತ್ತೋಲೆ ಹೊರಟಿತು. ಕಲೆ ಕಲ್ಲಿನ ನೆಲದಿಂದ ಹೋಗುವುದಿಲ್ಲವೆಂಬುದು ಕಾರಣ. ಅದಕ್ಕೂ ವಾದವಿವಾದ ಎದ್ದಿತು. ರಸ್ತೆಯಲ್ಲಿ ಜಾರಿ ಬೀಳುವವನ ಪರವಾಗಿ ಅಷ್ಟು ವಾದ ಎದ್ದದ್ದು ಕಾಣೆ. ಚಿತ್ರದುರ್ಗ, ಹಿರಿಯೂರುಗಳ ಕೆಲವು ಗ್ಯಾರೇಜಿನವರು ತಾವಾಗಿಯೇ ಒಂದು ದಾರಿ ಹಿಡಿದಿದ್ದಾರೆ: ಕಾಯಿಯನ್ನು ಗೋಣಿಚೀಲದ ಮೇಲೆ ಒಡೆದು, ನಾಲ್ಕು ಮೂಲೆ ಹಿಡಿದು ಮಡಿಸಿ, ಹಸುವಿನ ಮುಂದೆ ಸುರಿಯುತ್ತಾರೆ. ಕುಂಕುಮ ಹತ್ತಿದ ಭಾಗವನ್ನು ಕೆತ್ತಿ ತೆಗೆಯುವ ತಾಳ್ಮೆ ಎಲ್ಲರಿಗೂ ಇಲ್ಲ, ಆದರೆ ರಸ್ತೆಯಲ್ಲಿ ಬಿಡುವುದಕ್ಕಿಂತ ಮೇಲು.

ಹೊಳಲ್ಕೆರೆ ತಲುಪುವ ಹೊತ್ತಿಗೆ ಗಾಳಿಯ ವಾಸನೆಯೇ ಬೇರೆ. ಅಡಿಕೆ ಕೊಯ್ಲು ಶುರುವಾಗಿರುತ್ತದೆ, ಬೇಯಿಸುವ ಹಂಡೆಗಳಿಂದ ಚೊಗರಿನ ಹೊಗೆ. ಬೆಂಗಳೂರು, ಹುಬ್ಬಳ್ಳಿಯ ರೈಲು ಈ ಊರನ್ನು ಹಾದು ಚಿಕ್ಕಜಾಜೂರಿಗೆ ಹೋಗುತ್ತದೆ. ಬಯಲಲ್ಲಿ ಕೂತ ದೊಡ್ಡ ಗಣಪತಿ ಊರಿನ ಗುರುತು. ಅಡಿಕೆ ಸುಲಿಯುವ ಯಂತ್ರಗಳಿಗೆ ಇಲ್ಲೂ ಕುಂಬಳ ಒಡೆಯುತ್ತಾರಾದರೂ ಈ ಸೀಮೆಯ ಹಳ್ಳಿಗಳಲ್ಲಿ ಬಳ್ಳಿಗೆ ನಿಜವಾದ ಮರ್ಯಾದೆ ಸಿಗುವುದು ದೀಪಾವಳಿಯಲ್ಲಿ. ಅದು ಕಾಯಿಗಲ್ಲ, ಹೂವಿಗೆ.

ಬಲಿಪಾಡ್ಯಮಿಯ ಬೆಳಿಗ್ಗೆ ಹಸುವಿನ ಸಗಣಿಯಿಂದ ಮುಷ್ಟಿ ಗಾತ್ರದ ಗೋಪುರಗಳನ್ನು ಮಾಡಿ ಹೊಸ್ತಿಲು, ಕೊಟ್ಟಿಗೆ, ಒಲೆಯ ಬದಿ, ಒರಳು, ಎಲ್ಲ ಕಡೆ ಕೂರಿಸುತ್ತಾರೆ. ಹಟ್ಟಿಲಕ್ಕವ್ವ ಎನ್ನುತ್ತಾರೆ, ಕೆಲವೆಡೆ ಪಾಂಡವರು. ಅವುಗಳ ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂ, ಎಲ್ಲದರ ಮೇಲೆ ಅಂಗೈಯಗಲದ ಹಳದಿ ಕುಂಬಳ ಹೂ. ಹಸಿರು ಸಗಣಿಯ ಮೇಲೆ ಆ ಹಳದಿ ದೀಪವಿಟ್ಟಂತೆಯೇ. ಪಕ್ಕದಲ್ಲಿ ಮಣ್ಣಿನ ಹಣತೆ ಇರುತ್ತದೆ, ಆದರೆ ಬೆಳಗಿನ ಬಿಸಿಲಲ್ಲಿ ಉರಿಯುತ್ತಿರುವುದು ಹೂವೇ ಎನಿಸುತ್ತದೆ. ಹೂ ಕೊಯ್ಯಲು ಮಕ್ಕಳನ್ನು ಕಳಿಸುವಾಗ ಹಿರಿಯರು ಎಚ್ಚರ ಹೇಳುತ್ತಾರೆ, ಬುಡದಲ್ಲಿ ಪುಟ್ಟ ಕಾಯಿ ಇರುವ ಹೂವನ್ನು ಮುಟ್ಟಬೇಡಿ. ಅದು ಹೆಣ್ಣು ಹೂ. ಉದ್ದ ತೊಟ್ಟಿನ ಮೇಲೆ ನಿಂತ ಗಂಡು ಹೂಗಳೇ ಬಳ್ಳಿಯಲ್ಲಿ ಹೆಚ್ಚು, ಅವನ್ನು ಕೊಯ್ದರೆ ಫಸಲಿಗೆ ನಷ್ಟವಿಲ್ಲ. ಎಲ್ಲವನ್ನೂ ಕೊಯ್ದರೆ ಮಾತ್ರ ಜೇನ್ನೊಣ ಬರಿಗೈಲಿ ಹೋಗುತ್ತದೆ, ಹೆಣ್ಣು ಹೂ ಉದುರುತ್ತದೆ. ಸಸ್ಯಶಾಸ್ತ್ರದ ಮೊದಲ ಪಾಠ ಮಕ್ಕಳಿಗೆ ಹೀಗೆ ಹಬ್ಬದ ಬೆಳಿಗ್ಗೆ ಆಗುತ್ತದೆ. ಪಟ್ಟಣ ಸೇರಿದ ಮನೆಗಳಲ್ಲಿ ಸಗಣಿಯೂ ಇಲ್ಲ, ಬಳ್ಳಿಯೂ ಇಲ್ಲ. ಕುಂಬಳ ಹೂವನ್ನು ಈಗ ಪೇಟೆಯಲ್ಲಿ ಎಲೆಯಲ್ಲಿ ಸುತ್ತಿ ಮಾರುತ್ತಾರೆ, ಮಧ್ಯಾಹ್ನಕ್ಕೆ ಬಾಡಿಹೋಗುತ್ತದೆ.

ಈ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಹಬ್ಬದ ಮಾದರಿ ಬೇರೆ. ದೀಪಾವಳಿ ಅಮಾವಾಸ್ಯೆಯ ಸಂಜೆ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಬೆಳಗುತ್ತಾರೆ. ಮೇರಾ ಎಂದು ಅದರ ಹೆಸರು. ಮನೆಯವರು ಕಾಸು ಹಾಕಿ ಹರಸುತ್ತಾರೆ. ಮರುದಿನ ಬೆಳಿಗ್ಗೆ ಅದೇ ಹುಡುಗಿಯರು ಗುಂಪಾಗಿ ಅಡವಿಗೆ ಹೋಗಿ ಹಾಡುತ್ತಾ ಹೂ ತಂದು, ಮನೆಗಳ ಮುಂದಿನ ಸಗಣಿಯ ಗುಪ್ಪೆಗಳಿಗೆ ಏರಿಸುತ್ತಾರೆ. ಬರುವ ವರ್ಷ ಮದುವೆಯಾಗಿ ಹೋಗುವವಳಿಗೆ ಅದು ತವರಿನ ಕೊನೆಯ ಮೇರಾ. ನಗು ನಗುತ್ತಲೇ ಕೆಲವರ ಕಣ್ಣು ತುಂಬುತ್ತದೆ. ಪಶ್ಚಿಮಕ್ಕೆ ಮಲೆನಾಡಿಗೆ ಹತ್ತಿದರೆ ಗಂಡಸರು ಜ್ಯೋತಿ ಹಿಡಿದು ರಾತ್ರಿಯಿಡೀ ಊರೂರು ಹಾಡಿ ತಿರುಗುವ ಅಂಟಿಕೆ ಪಂಟಿಕೆ ಇದೆ. ಶರತ್ಕಾಲದ ರಾತ್ರಿಯಲ್ಲಿ ದೀಪ ಹಿಡಿದು ಬಾಗಿಲು ಬಡಿಯುವುದನ್ನು ಹ್ಯಾಲೋವೀನ್ ಎಂಬ ಹೆಸರಿನಲ್ಲಿ ಟಿವಿಯಲ್ಲಿ ಕಂಡು ಬೆರಗಾಗುವ ಮಕ್ಕಳನ್ನು ಒಮ್ಮೆ ತಾಂಡಾದ ಆ ಸಂಜೆಗೆ ಕರೆದೊಯ್ಯಬೇಕು.

2024ರಲ್ಲಿ ನರಕಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಎರಡು ಹಬ್ಬ ಒಂದೇ ದಿನ. ಮೆಟ್ಟಿಲ ಮೇಲೆ ಒಂದು ಕಡೆ ಹಣತೆ ಸಾಲು, ಇನ್ನೊಂದು ಕಡೆ ಹಲ್ಲು ಕಿಸಿದ ಕಿತ್ತಳೆ ಕುಂಬಳ. ಅಲ್ಲಿ ಕೊರೆಯುವ ತಳಿ ನೀರುನೀರಾದದ್ದು, ಅಡುಗೆಗೆ ರುಚಿಯಿಲ್ಲ. ಆದರೂ ತಿರುಳನ್ನು ಬಿಸಾಡಲು ಮನಸ್ಸು ಬಾರದೆ ಬೆಲ್ಲ ಹಾಕಿ ಗಾರಿಗೆ ಮಾಡಿ ನೋಡುವ ತಾಯಂದಿರು ಅಲ್ಲಿಯೂ ಇರುತ್ತಾರೆ.

ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಹಬ್ಬಕ್ಕೆ ಮಾರಾಟವಾಗದೆ ಉಳಿದ ಕಾಯಿ ವಾಪಸು ಅಟ್ಟ ಸೇರುತ್ತದೆ, ಹುಲ್ಲಿನ ಸಿಂಬಿಯ ಮೇಲೆ, ಒಂದಕ್ಕೊಂದು ತಾಗದಂತೆ. ಕೆಲವು ಮಜ್ಜಿಗೆಹುಳಿಯಾಗುತ್ತವೆ, ನೆಂಟರು ಬಂದರೆ ಕಾಶಿ ಹಲ್ವ. ದೊಡ್ಡ ಪಾಲು ಕಾಯುವುದು ಶಿವರಾತ್ರಿಯ ಆಚೆಯ ಬಿಸಿಲಿಗೆ. ಆಗ ಮನೆಯ ಗಂಡಸು ಮೊದಲ ಪೆಟ್ಟು ಹಾಕಿ ಕೊಟ್ಟು ಹೋಗುತ್ತಾನೆ. ಹೆಂಗಸರು ಸುತ್ತ ಕೂತು ತುರಿದು, ನೀರು ಹಿಂಡಿ, ಅರೆದ ಉದ್ದಿಗೆ ಹಸಿಮೆಣಸಿನಕಾಯಿ, ಇಂಗು ಸೇರಿಸಿ ಕಲಸಿ, ಹಳೆಯ ಪಂಚೆಯ ಮೇಲೆ ಚಿಟಿಕೆ ಚಿಟಿಕೆ ಸಂಡಿಗೆ ಇಡುತ್ತಾರೆ. ಮೂರು ನಾಲ್ಕು ಬಿಸಿಲು ಕಂಡರೆ ಡಬ್ಬಿಗೆ ತುಂಬಬಹುದು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಬಟ್ಟೆಗಂಟು ಕಟ್ಟಿ ಒಲೆಯ ಮೇಲಿನ ಗೂಟಕ್ಕೆ ನೇತುಹಾಕುತ್ತಾರೆ, ಮೃಗಶಿರ ಮಳೆ ಬರುವವರೆಗೆ.